ಬಾಣಂತಿ ಮನೆಗೆ ಆರು ಭೇಟಿ: ಮೊದಲ 42 ದಿನ ಏನು ನೋಡಬೇಕು, ಹೇಗೆ ನೋಡಬೇಕು

ಬಾಗಿಲಲ್ಲೇ ನಿಂತು “ಮಗು ಹೆಂಗದೆ?” ಎಂದು ಕೇಳಿದರೆ ಒಳಗಿನಿಂದ “ಚೆನ್ನಾಗದೆ ಕಣವ್ವ” ಎಂಬ ಉತ್ತರವೇ ಬರುವುದು. ಕೇಳಿದವರಿಗೂ ಸಮಾಧಾನ, ಹೇಳಿದವರಿಗೂ ಸಮಾಧಾನ. ಆದರೆ ಹುಟ್ಟಿ ಮೂರು ದಿನವಾದ ಮಗು ಕಾಯಿಲೆ ಬಿದ್ದಾಗ ಜೋರಾಗಿ ಅಳುವುದಿಲ್ಲ, ಕೆಮ್ಮುವುದಿಲ್ಲ, ಎಷ್ಟೋ ಸಲ ಜ್ವರವೂ ಬರುವುದಿಲ್ಲ. ಸುಮ್ಮನೆ ಮಲಗಿಬಿಡುತ್ತದೆ. “ಎಷ್ಟು ಜಾಣ ಮಗು, ತಂಟೆಯೇ ಇಲ್ಲ” ಎಂದು ಮನೆಯವರು ಹೊಗಳುತ್ತಿರುವ ಮಗುವೇ ಹಾಲು ಬಿಟ್ಟು, ಮೈ ತಣ್ಣಗಾಗಿ, ಒಳಗೆ ನಂಜು ಏರಿಸಿಕೊಂಡಿರಬಹುದು. ಹಾಗಾಗಿ ಬಾಣಂತಿ ಮನೆಯ ಭೇಟಿ ಎಂದರೆ ಕೇಳಿ ಬರುವುದಲ್ಲ. ಉಸಿರು ಎಣಿಸಿ, ಶಾಖ ನೋಡಿ, ತೂಕ ಹಾಕಿ, ಮಗು ಮೊಲೆ ಹಿಡಿಯುವುದನ್ನು ಕಣ್ಣಾರೆ ಕಂಡು ಬರುವುದು. ಆಶಾ ಕಾರ್ಯಕರ್ತೆಯರು, ಅಂಗನವಾಡಿಯವರು, ಮನೆಯಲ್ಲಿ ಬಾಣಂತನ ಮಾಡುವ ತಾಯಿ-ಅತ್ತೆಯರು, ಯಾರು ಬೇಕಾದರೂ ಕಲಿಯಬಹುದಾದ ಕೆಲಸ ಇದು.

ಮನೆಗೇ ಹೋಗಿ ನವಜಾತ ಶಿಶುವನ್ನು ನೋಡುವ ಈ ಪದ್ಧತಿಯ ಬೇರು ಮಹಾರಾಷ್ಟ್ರದ ಗಡಚಿರೋಲಿಯಲ್ಲಿದೆ. ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ಅವರ ‘ಸರ್ಚ್’ ಸಂಸ್ಥೆ ಅಲ್ಲಿನ 39 ಹಳ್ಳಿಗಳ ಹೆಂಗಸರಿಗೆ ತರಬೇತಿ ಕೊಟ್ಟು ಮನೆಮನೆಗೆ ಕಳಿಸಿತು. ಮೂರನೇ ವರ್ಷದ ಹೊತ್ತಿಗೆ ಆ ಹಳ್ಳಿಗಳಲ್ಲಿ ನವಜಾತ ಶಿಶು ಮರಣ, ಹೋಲಿಕೆಗೆ ಇಟ್ಟುಕೊಂಡ ಹಳ್ಳಿಗಳಿಗಿಂತ ಶೇ 62ರಷ್ಟು ಇಳಿದಿತ್ತು. 1999ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಇದನ್ನು ಪ್ರಕಟಿಸಿತು. 2011ರಿಂದ ಇದು ದೇಶದಾದ್ಯಂತ ಆಶಾ ಕಾರ್ಯಕರ್ತೆಯರ ಕೆಲಸದ ಭಾಗ.

ದಿನಗಳ ಲೆಕ್ಕ

ಹುಟ್ಟಿದ ದಿನವನ್ನೇ ಒಂದನೇ ದಿನ ಎಂದು ಹಿಡಿಯಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ 3, 7, 14, 21, 28 ಮತ್ತು 42ನೇ ದಿನ, ಒಟ್ಟು ಆರು ಭೇಟಿ. ಮನೆಯಲ್ಲೇ ಹೆರಿಗೆಯಾದರೆ ಮೊದಲ ದಿನದ್ದೂ ಸೇರಿ ಏಳು. ಸಿಸೇರಿಯನ್ ಆಗಿ ಐದಾರು ದಿನ ಆಸ್ಪತ್ರೆಯಲ್ಲೇ ಉಳಿದವರಿಗೆ 7ನೇ ದಿನದಿಂದ ಐದು ಭೇಟಿ.

ಎಲ್ಲ ಭೇಟಿಗಳೂ ಒಂದೇ ತೂಕದವಲ್ಲ. ಒಂದನ್ನು ಮಾತ್ರ ಏನೇ ಆದರೂ ತಪ್ಪಿಸಬಾರದು ಎಂದರೆ ಅದು 3ನೇ ದಿನದ್ದು. ಸಹಜ ಹೆರಿಗೆಯಾದವರನ್ನು ಆಸ್ಪತ್ರೆಯವರು ಸುಮಾರು 48 ಗಂಟೆಗೆ ಮನೆಗೆ ಕಳಿಸುತ್ತಾರೆ. ಸರಿಯಾಗಿ ಅದೇ ಹೊತ್ತಿಗೆ ತಾಯಿಗೆ ಹಾಲು ಇಳಿದು ಮೊಲೆ ಬಿಗಿಯುತ್ತದೆ, ಮಗುವಿನ ತೂಕ ಕೆಳಮಟ್ಟಕ್ಕೆ ಬಂದಿರುತ್ತದೆ, ಕಾಮಾಲೆಯ ಹಳದಿ ಏರಲು ತೊಡಗುತ್ತದೆ. ಮೊದಲ ತಿಂಗಳಲ್ಲಿ ತೀರಿಕೊಳ್ಳುವ ಶಿಶುಗಳಲ್ಲಿ ಸುಮಾರು ಮುಕ್ಕಾಲು ಪಾಲು ಮೊದಲ ವಾರದಲ್ಲೇ ತೀರಿಕೊಳ್ಳುತ್ತವೆ. ಭೇಟಿಯ ವಿವರ ಬರೆಯುವ ಫಾರಂನ ಆರೂ ಕಾಲಂಗಳನ್ನು, ಮನೆಗೆ ಹೋಗದೆಯೇ 42ನೇ ದಿನ ಒಟ್ಟಿಗೆ ತುಂಬಿದ್ದರೆ ಗುರುತು ಹಿಡಿಯುವುದು ಸುಲಭ: ಆರೂ ಕಡೆ ಶಾಖ 98.6, ಆರೂ ಕಡೆ ಉಸಿರು 40, ಒಂದೇ ಪೆನ್ನು.

ತವರಿಗೆ ಹೋಗುವ ಮೊದಲು

ನಮ್ಮ ಕಡೆಯ ದೊಡ್ಡ ತೊಡಕು ಇದು. ಮೊದಲ ಹೆರಿಗೆ ತವರಲ್ಲಿ. ಏಳು ಅಥವಾ ಒಂಬತ್ತನೇ ತಿಂಗಳಲ್ಲಿ ಹೆಣ್ಣುಮಗಳು ಗಂಡನ ಊರು ಬಿಡುತ್ತಾಳೆ, ಮೂರೋ ಐದೋ ತಿಂಗಳಾದ ಮೇಲೆ ಮರಳುತ್ತಾಳೆ. ಗಂಡನ ಊರಿನ ಆಶಾ “ಅವರು ತವರಿಗೆ ಹೋದರು” ಎಂದು ಬರೆದುಕೊಳ್ಳುತ್ತಾರೆ. ತವರೂರಿನ ಆಶಾ ಪಟ್ಟಿಯಲ್ಲಿ ಆಕೆಯ ಹೆಸರೇ ಇರುವುದಿಲ್ಲ. ಎರಡೂ ಊರಿನ ಲೆಕ್ಕದಿಂದ ಜಾರಿಹೋಗುವ ಅವಧಿ ಯಾವುದು ನೋಡಿ: ಸರಿಯಾಗಿ ಹೆರಿಗೆ ಮತ್ತು ಮೊದಲ 42 ದಿನ.

ಇದಕ್ಕೆ ಮದ್ದು ಸರಳ. ಏಳನೇ ತಿಂಗಳಲ್ಲೇ ಯಾವಾಗ, ಯಾವ ಊರಿಗೆ, ಯಾವ ಆಸ್ಪತ್ರೆಗೆ ಎಂದು ಕೇಳಿ ಬರೆದುಕೊಳ್ಳಿ. ತಾಯಿ ಕಾರ್ಡ್‌ನ ಹಿಂಬದಿಗೆ ಎರಡೂ ಊರಿನ ಆಶಾ ಮತ್ತು ಸಿಸ್ಟರ್ ಫೋನ್ ನಂಬರ್ ಬರೆಯಿರಿ. ಕಾರ್ಡ್‌ನಲ್ಲಿ ಆರ್‌ಸಿಎಚ್ ಸಂಖ್ಯೆ (ಸರ್ಕಾರದ ತಾಯಿ-ಮಗು ದಾಖಲೆಯ ನೋಂದಣಿ ಸಂಖ್ಯೆ) ಇದೆಯೇ ನೋಡಿ; ಇದ್ದರೆ ತವರೂರಿನವರು ಅದರಿಂದಲೇ ದಾಖಲೆ ಮುಂದುವರಿಸಬಹುದು, ಹೊಸ ಕಾರ್ಡ್ ಮಾಡಿಸಬಾರದು. ಹೊಸ ಕಾರ್ಡ್ ಮಾಡಿಸಿದರೆ ಹಳೆಯ ರಕ್ತಪರೀಕ್ಷೆ, ಬಿ.ಪಿ. ಲೆಕ್ಕ ಎಲ್ಲ ಹಳೆಯದರಲ್ಲೇ ಉಳಿಯುತ್ತದೆ, ಹೆರಿಗೆ ಟೇಬಲ್ಲಿನ ಪಕ್ಕ ನಿಂತ ವೈದ್ಯರಿಗೆ ಅದು ಕಾಣುವುದಿಲ್ಲ. ಆಕೆ ಹೊರಟ ದಿನ ತವರೂರಿನ ಆಶಾಗೆ ಒಂದು ಕರೆ ಮಾಡಿ: “ಇಂಥವರ ಮಗಳು ಬರುತ್ತಿದ್ದಾಳೆ, ಹಿಮೋಗ್ಲೋಬಿನ್ ಇಷ್ಟಿದೆ, ಇಂಥ ದಿನಾಂಕ ಕೊಟ್ಟಿದ್ದಾರೆ.” ಎರಡು ನಿಮಿಷದ ಕೆಲಸ.

ಆಗಲೇ ಹಳೆಯ ಹತ್ತಿ ಸೀರೆ, ಪಂಚೆ ಒಗೆದು ಬಿಸಿಲಿಗೆ ಒಣಗಿಸಿ, ಮಗುವಿಗೆಂದು ಮಡಿಸಿ ಇಡಲು ಹೇಳಿ. “ಹುಟ್ಟುವ ಮೊದಲು ಬಟ್ಟೆ ಹೊಲಿಸಬಾರದು” ಎಂಬ ನಂಬಿಕೆ ಇರುವ ಮನೆಯಲ್ಲಿ ಹಳೆ ಸೀರೆಗೆ ಯಾರೂ ಬೇಡ ಎನ್ನುವುದಿಲ್ಲ.

ಚೀಲದಲ್ಲಿ ಏನಿರಬೇಕು

ಡಿಜಿಟಲ್ ಥರ್ಮಾಮೀಟರ್, ಜೋಲಿ ಸಮೇತ ಸ್ಪ್ರಿಂಗ್ ತಕ್ಕಡಿ, ಸೆಕೆಂಡ್ ತೋರಿಸುವ ಗಡಿಯಾರ, ಸೋಪು, ಸ್ಪಿರಿಟ್ ಹತ್ತಿ, ಫಾರಂ, ಪೆನ್ನು. ಮೊಬೈಲ್ ಗಡಿಯಾರವೂ ನಡೆಯುತ್ತದೆ, ಆದರೆ ಎಣಿಸುವ ನಿಮಿಷದಲ್ಲೇ ಕರೆ ಬರುತ್ತದೆ. ತಕ್ಕಡಿಯನ್ನು ತಿಂಗಳಿಗೊಮ್ಮೆ ಪರೀಕ್ಷಿಸಿ: ಒಡೆಯದ 1 ಕೆ.ಜಿ. ಉಪ್ಪಿನ ಪೊಟ್ಟಣ ಎರಡನ್ನು ಜೋಲಿಗೆ ಹಾಕಿ. ಮುಳ್ಳು 2 ಕೆ.ಜಿ.ಯ ಆಸುಪಾಸಿನಲ್ಲಿ ನಿಲ್ಲದಿದ್ದರೆ ಸ್ಪ್ರಿಂಗ್ ಸೋತಿದೆ, ಬದಲಿಸಲು ಕೇಳಿ.

ನೋಡುವ ಕ್ರಮ: ಮೊದಲು ಉಸಿರು

ಮನೆಗೆ ಹೋದ ತಕ್ಷಣ ಮಗುವನ್ನು ಎತ್ತಬೇಡಿ. ಮೊದಲು ಬಳೆ, ಉಂಗುರ ಸರಿಸಿ, ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆದು, ಗಾಳಿಗೆ ಆರಲು ಬಿಡಿ. ಮನೆಯವರು ಕೊಟ್ಟ ಟವೆಲ್‌ಗೆ ಒರೆಸಿದರೆ ತೊಳೆದದ್ದು ವ್ಯರ್ಥ. ಇದನ್ನು ಮನೆಯವರ ಎದುರಿಗೇ ಮಾಡಿ. ಹತ್ತು ಸಲ ಹೇಳುವುದಕ್ಕಿಂತ ಒಂದು ಸಲ ಕಂಡದ್ದು ಉಳಿಯುತ್ತದೆ.

ಮಗು ನಿದ್ದೆಯಲ್ಲಿದ್ದರೆ ಅದೃಷ್ಟ. ಮುಟ್ಟುವ ಮೊದಲೇ ಉಸಿರು ಎಣಿಸಿಬಿಡಿ. ಹೊದಿಕೆಯನ್ನು ಎದೆ ಮತ್ತು ಹೊಟ್ಟೆ ಸೇರುವ ಜಾಗ ಕಾಣುವಷ್ಟು ಮಾತ್ರ ಸರಿಸಿ. ಅಲ್ಲಿ ಒಂದು ಸಲ ಏರಿ ಇಳಿದರೆ ಒಂದು ಉಸಿರು. ಗಡಿಯಾರವನ್ನು ಮಗುವಿನ ಹೊಟ್ಟೆಯ ಪಕ್ಕದಲ್ಲೇ ಹಿಡಿದರೆ ಕಣ್ಣು ಅತ್ತಿತ್ತ ಓಡುವುದಿಲ್ಲ. ಪೂರ್ತಿ ಒಂದು ನಿಮಿಷ ಎಣಿಸಬೇಕು. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದು ದೊಡ್ಡವರಿಗೆ ಸರಿ, ಎಳೆಗೂಸಿಗೆ ಅಲ್ಲ: ಅದು ಹತ್ತು ಉಸಿರು ಬೇಗಬೇಗ ಎಳೆದು, ಐದಾರು ಸೆಕೆಂಡ್ ನಿಲ್ಲಿಸಿ, ಮತ್ತೆ ಶುರುಮಾಡುತ್ತದೆ. ಹಾಗೆ ನಿಲ್ಲುವುದು ಸಹಜ. 60 ಅಥವಾ ಹೆಚ್ಚು ಬಂದರೆ ಗಾಬರಿಯಾಗದೆ ಇನ್ನೊಮ್ಮೆ ಎಣಿಸಿ. ಎರಡನೇ ಸಲವೂ 60 ಅಥವಾ ಹೆಚ್ಚು ಬಂದರೆ ಆಸ್ಪತ್ರೆಗೆ. ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುವುದು, ಪ್ರತಿ ಉಸಿರಿಗೂ ನರಳುವ ಸದ್ದು, ಮೂಗಿನ ಹೊಳ್ಳೆ ಅರಳುವುದು ಕಂಡರೆ ಎಣಿಕೆ ಎಷ್ಟೇ ಇರಲಿ, ಹೊರಡಬೇಕು. ಅಳುವಾಗ, ಹಾಲು ಕುಡಿಯುವಾಗ ಎಣಿಸಿದ್ದು ಲೆಕ್ಕಕ್ಕಿಲ್ಲ.

ಆಮೇಲೆ ಶಾಖ. ಥರ್ಮಾಮೀಟರ್ ತುದಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ, ಕಂಕುಳಿನ ನಟ್ಟನಡುವೆ ಇಟ್ಟು, ಮಗುವಿನ ತೋಳನ್ನು ಮೈಗೆ ಒತ್ತಿ ಹಿಡಿದು, ಬೀಪ್ ಬರುವವರೆಗೆ ಕಾಯಿರಿ. ತುದಿ ಕಂಕುಳಿನ ಆಚೆ ಇಣುಕಿದರೆ ಬಟ್ಟೆಯ ಶಾಖ ತೋರಿಸುತ್ತದೆ. ಈಗಷ್ಟೇ ಸ್ನಾನವಾಗಿದ್ದರೆ ಅರ್ಧ ಗಂಟೆ ಬಿಟ್ಟು ನೋಡಿ. 97.7ರಿಂದ 99.5 ಡಿಗ್ರಿ ಫ್ಯಾರನ್‌ಹೀಟ್ ಸರಿ. 99.5 ದಾಟಿದರೆ ಮೊದಲು ಹೊದಿಕೆ ಒಂದೆರಡು ಪದರ ತೆಗೆದು ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ, ಇಳಿಯದಿದ್ದರೆ ಆಸ್ಪತ್ರೆ. 97.7ಕ್ಕಿಂತ ಕಡಿಮೆಯಿದ್ದರೆ ತಾಯಿಯ ಬರಿಮೈಗೆ ಒರಗಿಸಿ ಮೇಲೆ ಹೊದಿಸಿ, ಒಂದು ಗಂಟೆಯ ನಂತರ ನೋಡಿ. 95.9ಕ್ಕಿಂತ ಇಳಿದಿದ್ದರೆ ಕಾಯುವುದಿಲ್ಲ. ಥರ್ಮಾಮೀಟರ್ ಇಲ್ಲದ ಹೊತ್ತಿನಲ್ಲಿ ಅಂಗೈ ಹಿಂಭಾಗದಿಂದ ಹೊಟ್ಟೆ, ಪಾದ ಎರಡನ್ನೂ ಮುಟ್ಟಿ. ಎರಡೂ ಬೆಚ್ಚಗಿದ್ದರೆ ಸರಿ. ಪಾದ ಮಾತ್ರ ತಣ್ಣಗಿದ್ದರೆ ಮಗು ಚಳಿಯ ಜೊತೆ ಹೋರಾಡುತ್ತಿದೆ. ಹೊಟ್ಟೆಯೂ ತಣ್ಣಗಿದ್ದರೆ ಸೋಲುತ್ತಿದೆ.

ತೂಕ: ಇಲ್ಲಿ ತಪ್ಪುವವರೇ ಹೆಚ್ಚು

ಖಾಲಿ ಜೋಲಿಯನ್ನು ಕೊಕ್ಕೆಗೆ ಸಿಕ್ಕಿಸಿ, ತಕ್ಕಡಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ತಿರುಪು ತಿರುಗಿಸಿ ಮುಳ್ಳನ್ನು ಸೊನ್ನೆಗೆ ತನ್ನಿ. ಜೋಲಿ ಇಲ್ಲದೆ ಸೊನ್ನೆ ಮಾಡಿದರೆ ಜೋಲಿಯ ತೂಕವೂ ಮಗುವಿನ ಲೆಕ್ಕಕ್ಕೆ ಸೇರುತ್ತದೆ. ಕಡಿಮೆ ತೂಕದ ಮಗು ಕಾಗದದ ಮೇಲೆ ಆರೋಗ್ಯವಂತ ಮಗುವಾಗುತ್ತದೆ. ಸ್ವೆಟರು, ಟೋಪಿ, ಒದ್ದೆ ಬಟ್ಟೆ ತೆಗೆಯಿರಿ. ಫ್ಯಾನ್ ಆರಿಸಿ. ಮಗುವನ್ನು ಜೋಲಿಯಲ್ಲಿ ಮಲಗಿಸಿ, ದಪ್ಪ ಕೌದಿ ಹಾಸಿದ ನೆಲದ ಮೇಲೆಯೇ, ಮಗುವಿನ ಬೆನ್ನು ನೆಲ ಬಿಡುವಷ್ಟು ಮಾತ್ರ ಎತ್ತಿ. ನಿಂತುಕೊಂಡು ಎತ್ತುವ ಅಗತ್ಯವೇ ಇಲ್ಲ. ನೀವೂ ಮಂಡಿಯೂರಿದರೆ ಕಣ್ಣು ಮುಳ್ಳಿನ ಮಟ್ಟಕ್ಕೆ ಬರುತ್ತದೆ. ಮೇಲಿನಿಂದ ಓದಿದ ತೂಕ ಸುಳ್ಳು. ಮುಳ್ಳು ಅಲ್ಲಾಡುವುದು ನಿಂತ ಮೇಲೆ ಓದಿ. ತಕ್ಕಡಿಯ ಬಣ್ಣದ ಪಟ್ಟಿ ನೋಡಿ “ಹಸಿರು” ಎಂದು ಬರೆದರೆ ಸಾಲದು, ಅಂಕಿ ಬರೆಯಿರಿ.

ಆ ಅಂಕಿಯನ್ನು ಏನು ಮಾಡುವುದು? ಮೊದಲ ನಾಲ್ಕೈದು ದಿನ ಎಲ್ಲ ಮಕ್ಕಳೂ ತೂಕ ಕಳೆದುಕೊಳ್ಳುತ್ತವೆ. ಹುಟ್ಟುತೂಕದ ಶೇ 10ರವರೆಗೆ ಇಳಿಯಬಹುದು. 2.8 ಕೆ.ಜಿ. ಹುಟ್ಟಿದ ಮಗು 3ನೇ ದಿನ 2.6 ಇದ್ದರೆ ಹೆದರಬೇಕಿಲ್ಲ, 2.5ಕ್ಕೆ ಬಂದಿದ್ದರೆ ಹಾಲು ಸಾಲುತ್ತಿಲ್ಲ. ಈ ಲೆಕ್ಕ ಮನೆಯವರಿಗೆ ಮೊದಲೇ ಹೇಳಿರದಿದ್ದರೆ “ಮಗು ಇಳಿದುಹೋಯ್ತು” ಎಂದು ಅದೇ ಸಂಜೆ ಬಾಟಲಿ ಹಾಲು ಶುರುವಾಗುತ್ತದೆ. 14ನೇ ದಿನದೊಳಗೆ ಹುಟ್ಟುತೂಕಕ್ಕೆ ಮರಳಬೇಕು. ಅಲ್ಲಿಂದ ದಿನಕ್ಕೆ 20ರಿಂದ 30 ಗ್ರಾಂ. 28ನೇ ದಿನ ಹುಟ್ಟುತೂಕಕ್ಕಿಂತ ಕನಿಷ್ಠ 300 ಗ್ರಾಂ ಹೆಚ್ಚಿರದಿದ್ದರೆ ವೈದ್ಯರಿಗೆ ತೋರಿಸಿ.

ಹಳದಿ, ಹೊಕ್ಕುಳು, ಚರ್ಮ

ಬಾಣಂತಿ ಕೋಣೆಗೆ ಕಿಟಕಿ ಮುಚ್ಚಿರುತ್ತದೆ, ಮೂಲೆಯಲ್ಲೊಂದು ಹಳದಿ ಬಲ್ಬು. ಆ ಬೆಳಕಿನಲ್ಲಿ ತಾಯಿ, ಮಗು, ಗೋಡೆ ಎಲ್ಲವೂ ಹಳದಿ. ಕಾಮಾಲೆ ನೋಡಬೇಕಾದರೆ ಮಗುವನ್ನು ಬಾಗಿಲ ಬಳಿ ಹಗಲು ಬೆಳಕಿಗೆ ತನ್ನಿ. ಹಣೆ, ಎದೆ, ಅಂಗಾಲುಗಳನ್ನು ಹೆಬ್ಬೆರಳಿನಿಂದ ಒತ್ತಿ ಬಿಡಿ. ಬಿಟ್ಟ ಕ್ಷಣ ಕಾಣುವ ಬಣ್ಣವೇ ನಿಜವಾದ ಬಣ್ಣ. 3ನೇ ದಿನ ಮುಖ, ಎದೆ ತುಸು ಹಳದಿಯಿದ್ದರೆ ಪದೇಪದೇ ಹಾಲುಣಿಸಿ ಮರುದಿನ ಮತ್ತೆ ನೋಡಬಹುದು. ಹುಟ್ಟಿದ 24 ಗಂಟೆಯೊಳಗೇ ಹಳದಿ ಕಂಡರೆ, ಅಂಗೈ-ಅಂಗಾಲಿಗೆ ಇಳಿದರೆ, 14 ದಿನ ಕಳೆದರೂ ಉಳಿದರೆ, ಮಲ ಬಿಳಿಚಿದ್ದರೆ ಕಾಯುವ ಮಾತಿಲ್ಲ. ಕಾಮಾಲೆಗೆ ಬರೆ ಹಾಕಿಸುವವರು ಇನ್ನೂ ಇದ್ದಾರೆ. ಸುಟ್ಟ ಗಾಯ ಹಳದಿಯನ್ನು ಇಳಿಸುವುದಿಲ್ಲ, ನಂಜಿಗೆ ಬಾಗಿಲು ತೆರೆಯುತ್ತದೆ. ಹಳದಿ ವಿಪರೀತ ಏರಿದರೆ ಮಿದುಳಿಗೆ ಹಾನಿ, ಕಿವುಡುತನ. ಆಸ್ಪತ್ರೆಯ ನೀಲಿ ಬೆಳಕಿನ ಚಿಕಿತ್ಸೆಯಿಂದ ಇದನ್ನು ತಪ್ಪಿಸಬಹುದು ಎಂಬುದನ್ನು ಮನೆಯವರಿಗೆ ಬಿಡಿಸಿ ಹೇಳಿ. ಬೆಳಗಿನ ಎಳೆಬಿಸಿಲು ಅದಕ್ಕೆ ಬದಲಿಯಲ್ಲ.

ಹೊಕ್ಕುಳಿಗೆ ಏನೂ ಹಚ್ಚಬಾರದು. ಅರಿಸಿನ, ಹರಳೆಣ್ಣೆ, ವಿಭೂತಿ, ಪೌಡರ್ ಯಾವುದೂ ಬೇಡ. ಒಣಗಿ ಒಂದೆರಡು ವಾರದಲ್ಲಿ ತಾನೇ ಬೀಳುತ್ತದೆ. ಸುತ್ತಲಿನ ಚರ್ಮ ಕೆಂಪಾಗಿ ಊದಿದರೆ, ಕೀವು ಅಥವಾ ಕೆಟ್ಟ ವಾಸನೆ ಬಂದರೆ ಅದು ನಂಜು.

ಕೆಲವು ಸಂಗತಿ ಹೆದರಿಸುತ್ತವೆ, ಆದರೆ ಸಹಜ: ಹೆಣ್ಣುಮಗುವಿಗೆ ಮೊದಲ ವಾರ ಒಂದೆರಡು ಹನಿ ರಕ್ತಸ್ರಾವ, ಗಂಡೋ ಹೆಣ್ಣೋ ಮಗುವಿನ ಎದೆ ಊದುವುದು, ಬೆನ್ನ ಕೆಳಗೆ ನೀಲಿ ಮಚ್ಚೆ, ಮೂಗಿನ ಮೇಲೆ ಬಿಳಿ ಚುಕ್ಕಿ. ಊದಿದ ಎದೆಯನ್ನು “ಹಾಲು ತೆಗೆಯುತ್ತೇವೆ” ಎಂದು ಹಿಂಡುವ ಅಭ್ಯಾಸದಿಂದಲೇ ಕೀವು ಕಟ್ಟುವುದು. ಎದೆಹಾಲು ಮಾತ್ರ ಕುಡಿಯುವ ಮಗು ದಿನಕ್ಕೆ ಹತ್ತು ಸಲ ಹಳದಿ ಮಲ ಮಾಡಿದರೂ ಅದು ಭೇದಿಯಲ್ಲ.

ಹಾಲು

ಹಸು ಕರು ಹಾಕಿದರೆ ಗಿಣ್ಣು ಮಾಡಿ ಬೀದಿಗೆಲ್ಲ ಹಂಚುವ ನಾವೇ, ತಾಯಿಯ ಗಿಣ್ಣುಹಾಲನ್ನು “ಕೆಟ್ಟ ಹಾಲು” ಎಂದು ಹಿಂಡಿ ಚೆಲ್ಲುವುದುಂಟು. ಗಟ್ಟಿ, ಹಳದಿ, ಚಮಚೆಯಷ್ಟೇ ಬರುವ ಆ ಹಾಲೇ ಮಗುವಿಗೆ ಮೊದಲ ಲಸಿಕೆ. ಮೊದಲ ದಿನ ಮಗುವಿನ ಹೊಟ್ಟೆ ಹಿಡಿಸುವುದೂ ಅಷ್ಟನ್ನೇ, ಆದ್ದರಿಂದ “ಹಾಲೇ ಬಂದಿಲ್ಲ” ಎಂಬ ಚಿಂತೆ ಬೇಡ.

ಹಾಲುಣಿಸುವಾಗ ಪಕ್ಕದಲ್ಲಿ ಕೂತು ನಾಲ್ಕು ಗುರುತು ನೋಡಿ: ಬಾಯಿ ಅಗಲವಾಗಿ ತೆರೆದಿದೆಯೇ, ಕೆಳತುಟಿ ಹೊರಕ್ಕೆ ಮಡಿಸಿದೆಯೇ, ಗಲ್ಲ ಮೊಲೆಗೆ ತಾಗಿದೆಯೇ, ತೊಟ್ಟಿನ ಸುತ್ತಲಿನ ಕಪ್ಪು ಭಾಗ ಮೇಲ್ಗಡೆ ಹೆಚ್ಚು, ಕೆಳಗಡೆ ಕಡಿಮೆ ಕಾಣುತ್ತಿದೆಯೇ. ಬರೀ ತೊಟ್ಟನ್ನು ಚೀಪುತ್ತಿದ್ದರೆ ಕೆನ್ನೆ ಗುಳಿ ಬೀಳುತ್ತದೆ, ಚಪ್ ಚಪ್ ಸದ್ದು ಬರುತ್ತದೆ, ತಾಯಿ ಹಲ್ಲು ಕಚ್ಚುತ್ತಾಳೆ. ಅಲ್ಲಿಂದಲೇ ತೊಟ್ಟು ಬಿರುಕು, ನೋವು, ಕೊನೆಗೆ “ನನಗೆ ಹಾಲು ಸಾಲುತ್ತಿಲ್ಲ”. ಕಿರುಬೆರಳನ್ನು ಮಗುವಿನ ಬಾಯಿಯ ಅಂಚಿಗೆ ತೂರಿಸಿ ಬಿಡಿಸಿ, ಮಗುವಿನ ತಲೆ-ಬೆನ್ನು ಒಂದೇ ಗೆರೆಯಲ್ಲಿ, ಹೊಟ್ಟೆ ತಾಯಿಯ ಹೊಟ್ಟೆಗೆ ತಾಗುವಂತೆ ತಿರುಗಿಸಿ, ಬಾಯಿ ಆಕಳಿಸುವಷ್ಟು ತೆರೆದಾಗ ಮಗುವನ್ನು ಮೊಲೆಗೆ ತನ್ನಿ. ಮೊಲೆಯನ್ನು ಮಗುವಿನತ್ತ ಬಾಗಿಸಿದರೆ ತಾಯಿಯ ಬೆನ್ನು ಹೋಗುತ್ತದೆ. ದಿನಕ್ಕೆ 8ರಿಂದ 12 ಸಲ, ರಾತ್ರಿಯೂ ಸೇರಿ. ಸಾಲುತ್ತಿದೆಯೇ ಎಂಬುದಕ್ಕೆ ಅಳು ಸಾಕ್ಷಿಯಲ್ಲ, ಉಚ್ಚೆ ಸಾಕ್ಷಿ: ಐದನೇ ದಿನದ ನಂತರ 24 ಗಂಟೆಯಲ್ಲಿ ಆರು ಬಟ್ಟೆಯಾದರೂ ಒದ್ದೆಯಾಗಬೇಕು.

ತೂಕ ಕಡಿಮೆಯಿದ್ದು ಚೀಪಲಾರದ ಮಗುವಿಗೆ ಹಾಲು ಹಿಂಡಿ ಕುಡಿಸಬೇಕು. ಇದಕ್ಕೆ ಅಜ್ಜಿಯ ಕಾಲದ, ಮೂತಿಯಿರುವ ಪುಟ್ಟ ಬಟ್ಟಲಾದ ಒಳಲೆಗಿಂತ ಒಳ್ಳೆಯ ಸಾಧನವಿಲ್ಲ. ಆಸ್ಪತ್ರೆಯಲ್ಲಿ ‘ಪಲಡೈ’ ಎಂದು ಕೊಡುವುದೂ ಅದನ್ನೇ. ಒಳಲೆಯನ್ನು ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಮಗುವನ್ನು ಮಲಗಿಸದೆ, ತಲೆ ಎತ್ತಿ ಕೂರಿಸಿದಂತೆ ಹಿಡಿದು, ಒಳಲೆಯ ಮೂತಿಯನ್ನು ತುಟಿಯ ಅಂಚಿಗಿಟ್ಟು ಒಂದು ಗುಟುಕು ನುಂಗಿದ ಮೇಲೆ ಇನ್ನೊಂದು. ಕಾಲ ಮೇಲೆ ಮಲಗಿಸಿ, ಮೂಗು ಒತ್ತಿ ಹಿಡಿದು ಸುರಿದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಹಿಂಡಿದ ಹಾಲನ್ನು ಮುಚ್ಚಿಟ್ಟು 4 ಗಂಟೆಯೊಳಗೆ ಕೊಡಿ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಅಷ್ಟು ಹೊತ್ತೂ ಇಡಬೇಡಿ.

ಕಡಿಮೆ ತೂಕದ ಕೂಸಿಗೆ ಎದೆಗೂಡು

2.5 ಕೆ.ಜಿ.ಗಿಂತ ಕಡಿಮೆ ಹುಟ್ಟಿದ ಮಗುವಿಗೆ ಕಾಂಗರೂ ಆರೈಕೆ ಬೇಕು. ಕೊಪ್ಪಳ ಜಿಲ್ಲೆಯಲ್ಲಿ ಇದನ್ನು ಆಸ್ಪತ್ರೆಯಿಂದ ಮನೆಯವರೆಗೂ ವ್ಯವಸ್ಥಿತವಾಗಿ ನಡೆಸಿ ತೋರಿಸಿದ್ದಾರೆ. ಮಗುವಿಗೆ ಟೋಪಿ, ಕಾಲುಚೀಲ, ಲಂಗೋಟಿ ಮಾತ್ರ. ತಾಯಿಯ ಎರಡು ಮೊಲೆಗಳ ನಡುವೆ ನೆಟ್ಟಗೆ, ಕಪ್ಪೆಯಂತೆ ಕೈಕಾಲು ಮಡಿಸಿ ಒರಗಿಸಿ. ಮುಖ ಒಂದು ಬದಿಗೆ, ಗಲ್ಲ ಎದೆಗೆ ಒತ್ತದಂತೆ ತುಸು ಮೇಲಕ್ಕೆ. ಗಲ್ಲ ಒತ್ತಿದರೆ ಉಸಿರ ದಾರಿ ಮಡಿಸಿಕೊಳ್ಳುತ್ತದೆ. ಮೃದುವಾದ ಹತ್ತಿ ಸೀರೆಯಿಂದ ಮಗುವಿನ ಕಿವಿಯ ಮಟ್ಟಕ್ಕೆ ಬರುವಂತೆ ಸುತ್ತಿ ಕಟ್ಟಿ, ಮೇಲೆ ರವಿಕೆ, ಸೆರಗು. ಒಂದು ಸಲಕ್ಕೆ ಒಂದು ಗಂಟೆಗೆ ಕಡಿಮೆಯಾಗದಂತೆ, ದಿನಕ್ಕೆ ಒಟ್ಟು 8 ಗಂಟೆಯಾದರೂ. ತಾಯಿ ಊಟ, ಸ್ನಾನಕ್ಕೆ ಎದ್ದಾಗ ಅಪ್ಪನೋ ಅಜ್ಜಿಯೋ ಎದೆಗೆ ಹಾಕಿಕೊಳ್ಳಬಹುದು. ಅಪ್ಪಂದಿರು ನಾಚುತ್ತಾರೆ, ಮೊದಲ ದಿನ ಕೋಣೆಯಿಂದ ನೆಂಟರನ್ನು ಹೊರಗೆ ಕಳಿಸಿದರೆ ಸಾಕು. ಮಗು 2.5 ಕೆ.ಜಿ. ಮುಟ್ಟಿದ ಮೇಲೆ ತಾನೇ ಒದ್ದಾಡಿ “ಸಾಕು” ಎನ್ನುತ್ತದೆ. ಇಂಥ ಮಗುವಿಗೆ ಅಲ್ಲಿಯವರೆಗೆ ಸ್ನಾನ ಬೇಡ, ಬೆಚ್ಚನೆ ಬಟ್ಟೆಯಲ್ಲಿ ಒರೆಸಿದರಾಯಿತು.

ಯಾವುದಕ್ಕೆ ಜಗಳ, ಯಾವುದಕ್ಕೆ ಬಿಡಬಹುದು

ಮನೆಯ ಹಿರಿಯರ ಪ್ರತಿ ಪದ್ಧತಿಗೂ ತಕರಾರು ತೆಗೆದರೆ ಮುಂದಿನ ಭೇಟಿಗೆ ಬಾಗಿಲು ತೆರೆಯುವುದಿಲ್ಲ. ಕೆನ್ನೆಗೆ ದೃಷ್ಟಿಬೊಟ್ಟು, ಸೊಂಟಕ್ಕೆ ಉಡಿದಾರ, ಬಾಣಂತಿಯ ಕಿವಿಗೆ ಹತ್ತಿ, ಹೊಟ್ಟೆಗೆ ಸಡಿಲವಾಗಿ ಕಟ್ಟಿದ ಬಟ್ಟೆ, ಸಬ್ಬಸಿಗೆ ಸೊಪ್ಪಿನ ಸಾರು, ಬೆಳ್ಳುಳ್ಳಿ, ಅಂಟಿನ ಉಂಡೆ ಎಲ್ಲ ಇರಲಿ. ಕೊಬ್ಬರಿ ಎಣ್ಣೆಯ ಹಗುರ ಮಾಲೀಶೂ ಇರಲಿ.

ಪಟ್ಟು ಬಿಡಬಾರದವು ಇವು. ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ: ಇದ್ದಿಲಿನಿಂದ ಏಳುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ನಿದ್ದೆಯಲ್ಲೇ ತಾಯಿ-ಮಗು ಇಬ್ಬರನ್ನೂ ಕೊಲ್ಲಬಲ್ಲದು. ಸಾಂಬ್ರಾಣಿಯ ಹೊಗೆಯನ್ನು ನೇರ ಮಗುವಿಗೆ ಹಿಡಿಯುವುದು. ಮೂಗಿಗೆ, ಬಾಯಿಗೆ ಎಣ್ಣೆ ಬಿಡುವುದು: ಶ್ವಾಸಕೋಶಕ್ಕೆ ಇಳಿದ ಎಣ್ಣೆಯಿಂದ ಬರುವ ನ್ಯುಮೋನಿಯಾ ಬೇಗ ಬಿಡುವುದಿಲ್ಲ. ಜೇನುತುಪ್ಪ: ವರ್ಷದೊಳಗಿನ ಮಗುವಿಗೆ ಬಾಟ್ಯುಲಿಸಂ ಎಂಬ ಪಾರ್ಶ್ವವಾಯುವಿನಂಥ ಕಾಯಿಲೆ ತರಬಲ್ಲದು. ಬಜೆ, ಜಾಯಿಕಾಯಿ ತೇಯ್ದು ನೆಕ್ಕಿಸುವುದು: ಬಜೆ ವಾಂತಿ ತರಿಸುತ್ತದೆ, ತೇಯುವ ಕಲ್ಲು ರೋಗಾಣು ತರುತ್ತದೆ. “ಬಜೆ ಕೊಡದಿದ್ದರೆ ಮಾತು ಬರಲ್ಲ” ಎನ್ನುವ ಅಜ್ಜಿಯ ಜೊತೆ ವಾದಕ್ಕಿಳಿಯುವ ಬದಲು “ಆರು ತಿಂಗಳು ಎದೆಹಾಲು ಬಿಟ್ಟು ಏನೂ ಬೇಡ” ಎಂಬ ಒಂದೇ ಮಾತಿಗೆ ಅಂಟಿಕೊಳ್ಳಿ. ಬೇಕಿದ್ದರೆ ಬಜೆಬೇರನ್ನು ಮಣಿ ಮಾಡಿ ತೊಟ್ಟಿಲಿಗೆ ಕಟ್ಟಲಿ, ಮಗುವಿನ ಕೈಗೆಟುಕದಷ್ಟು ಮೇಲೆ.

ತಾಯಿಯನ್ನು ಮರೆಯುವುದು

ಬಾಣಂತಿಗೆ ನೀರು ಕೊಡದೆ ಒಣಗಿಸುವುದು ಇನ್ನೂ ನಿಂತಿಲ್ಲ. ಮಲಬದ್ಧತೆ, ಉರಿಮೂತ್ರ ಎರಡೂ ಅದರಿಂದಲೇ. ಮಗುವಿಗೆ ಹಾಲುಣಿಸಲು ಕೂತಾಗಲೆಲ್ಲ ಪಕ್ಕದಲ್ಲಿ ಒಂದು ದೊಡ್ಡ ಲೋಟ ನೀರು ಇರಲಿ; ಬಿಸಿನೀರೇ ಬೇಕೆಂದರೆ ಬಿಸಿನೀರು. ಊಟ ಮೊದಲಿಗಿಂತ ಒಂದು ಹೊತ್ತು ಹೆಚ್ಚು. ಕಾಳು, ಸೊಪ್ಪು, ಮೊಟ್ಟೆ, ರಾಗಿ ಬಿಡಿಸುವ ಪಥ್ಯ ಯಾರಿಗೂ ಬೇಡ. ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟವಿದೆ. 2017ರ ಅಕ್ಟೋಬರ್ 2ರಿಂದ ರಾಜ್ಯದಾದ್ಯಂತ ನಡೆಯುತ್ತಿದೆ. ತವರಿನಲ್ಲಿರುವವಳ ಹೆಸರನ್ನು ತವರೂರಿನ ಅಂಗನವಾಡಿಯಲ್ಲಿ ಸೇರಿಸಿ ಎಂದು ಕೇಳಿ.

ಕಬ್ಬಿಣದ ಕೆಂಪು ಮಾತ್ರೆ ಹೆರಿಗೆಯ ನಂತರವೂ ದಿನಕ್ಕೊಂದರಂತೆ 180 ದಿನ. ಕ್ಯಾಲ್ಸಿಯಂ ದಿನಕ್ಕೆ ಎರಡು, ಆರು ತಿಂಗಳು. ಎರಡನ್ನೂ ಒಟ್ಟಿಗೆ ನುಂಗಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ, ಎರಡು ಗಂಟೆಯಾದರೂ ಅಂತರವಿರಲಿ. ಕಾಫಿ-ಟೀ ಜೊತೆಯೂ ಬೇಡ. “ತಗೋತಿದ್ದೀರಾ?” ಎಂದು ಕೇಳುವುದಕ್ಕಿಂತ ಸ್ಟ್ರಿಪ್ ತರಿಸಿ ಖಾಲಿ ಗುಳಿ ಎಣಿಸಿ. ಮಲ ಕಪ್ಪಾಗುವುದು ಮಾತ್ರೆಯಿಂದ ಎಂದು ಮೊದಲೇ ಹೇಳದಿದ್ದರೆ ನಾಲ್ಕನೇ ದಿನಕ್ಕೆ ಸ್ಟ್ರಿಪ್ ಜಂತಿಗೆ ಸೇರುತ್ತದೆ.

ಅಪಾಯದ ಗುರುತು: ಒಂದು ಗಂಟೆಯೊಳಗೆ ಪ್ಯಾಡ್ ಅಥವಾ ಬಟ್ಟೆ ಪೂರ್ತಿ ನೆನೆಯುವ ರಕ್ತಸ್ರಾವ, ದುರ್ನಾತದ ಸ್ರಾವ, 100.4 ಡಿಗ್ರಿ ದಾಟಿದ ಜ್ವರ, ಉಸಿರಾಡಲು ಕಷ್ಟ, ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಸಿಸೇರಿಯನ್ ಹೊಲಿಗೆಯಲ್ಲಿ ಕೀವು. ತೀವ್ರ ತಲೆನೋವು, ಕಣ್ಣು ಮಂಜು, ಫಿಟ್ಸ್ ಬಂದರೆ ಬಿ.ಪಿ. ಏರಿದೆ, ಇದು ಹೆರಿಗೆಯ ಮುಂಚೆ ಮಾತ್ರ ಬರುವ ಕಾಯಿಲೆಯಲ್ಲ, ನಂತರದ ವಾರಗಳಲ್ಲೂ ಬರಬಹುದು. ಮೊದಲ ವಾರ ಕಾರಣವಿಲ್ಲದೆ ಅಳು ಬರುವುದು ಸಾಮಾನ್ಯ. ಎರಡು ವಾರ ದಾಟಿಯೂ ಮಂಕಾಗಿದ್ದರೆ, “ಮಗು ಮಲಗಿದಾಗ ನಿಮಗೆ ನಿದ್ದೆ ಬರುತ್ತದಾ?” ಎಂದು ಕೇಳಿ. ಬರುವುದಿಲ್ಲ ಎಂದರೆ, ಮಗುವನ್ನು ನೋಡಲೇ ಬೇಡ ಅನಿಸುತ್ತದೆ ಎಂದರೆ, ವೈದ್ಯರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ತನ್ನನ್ನೋ ಮಗುವನ್ನೋ ಕೊಲ್ಲುವ ಮಾತಾಡಿದರೆ ಒಂಟಿ ಬಿಡದೆ ಅಂದೇ ಆಸ್ಪತ್ರೆಗೆ. ಅದನ್ನು ಗಾಳಿ-ಗ್ರಹ ಎನ್ನುವವರ ಕೈಗೆ ಬಿಡಬೇಡಿ.

ಆಸ್ಪತ್ರೆಗೆ ಹೊರಡುವಾಗ

ಮಗು ಹಾಲು ಬಿಟ್ಟಿರುವುದು, ಎಬ್ಬಿಸಿದರೂ ಏಳದಿರುವುದು, ಕೈಕಾಲು ಜೋಲು ಬಿದ್ದಿರುವುದು, ಸೆಳೆತ, ಹೊಟ್ಟೆ ಉಬ್ಬಿ ಹಸಿರು ವಾಂತಿ, 24 ಗಂಟೆಯಾದರೂ ಮಲ, 48 ಗಂಟೆಯಾದರೂ ಉಚ್ಚೆ ಹೋಗದಿರುವುದು, ಮೇಲೆ ಹೇಳಿದ ಉಸಿರು, ಶಾಖ, ಹಳದಿಯ ಗುರುತುಗಳು: ಇವುಗಳಲ್ಲಿ ಒಂದಿದ್ದರೂ 108ಕ್ಕೆ ಕರೆ ಮಾಡಿ. ಗಾಡಿ ಬರುವವರೆಗೆ ಮತ್ತು ದಾರಿಯುದ್ದಕ್ಕೂ ಮಗು ತಾಯಿಯ ಬರಿಮೈಗೆ ಅಂಟಿಕೊಂಡಿರಲಿ. ಬೈಕಿನಲ್ಲಿ, ತೆರೆದ ಆಟೋದಲ್ಲಿ ಟವೆಲ್ ಸುತ್ತಿ ಒಯ್ದ ಮಗು ಆಸ್ಪತ್ರೆ ಮುಟ್ಟುವಾಗ ಬಂದ ಕಾಯಿಲೆಗಿಂತ ಚಳಿಯಿಂದಲೇ ಹೆಚ್ಚು ಕುಸಿದಿರುತ್ತದೆ. ಚೀಪಲು ಶಕ್ತಿಯಿದ್ದರೆ ದಾರಿಯಲ್ಲೂ ಹಾಲು ಕೊಡಲಿ. ಸೆಳೆತ ಬರುತ್ತಿರುವ, ಪ್ರಜ್ಞೆಯಿಲ್ಲದ ಮಗುವಿನ ಬಾಯಿಗೆ ಏನೂ ಹಾಕಬಾರದು.

ಒಂದು ಚೀಟಿಯಲ್ಲಿ ಐದು ಸಾಲು ಬರೆದು ಕೊಡಿ: ಹುಟ್ಟಿದ ದಿನ ಮತ್ತು ತೂಕ, ಇಂದಿನ ತೂಕ, ಉಸಿರಿನ ಎಣಿಕೆ, ಶಾಖ, ಕೊನೆಯ ಸಲ ಹಾಲು ಕುಡಿದ ಹೊತ್ತು. ತಾಯಿ ಕಾರ್ಡ್ ಜೊತೆಗಿರಲಿ. ಜಿಲ್ಲಾ ಆಸ್ಪತ್ರೆಯ ನವಜಾತ ಶಿಶು ಘಟಕದಲ್ಲಿ ಚಿಕಿತ್ಸೆ, ಔಷಧಿ, ಪರೀಕ್ಷೆ, ಓಡಾಟ ಎಲ್ಲ ಉಚಿತ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಕೊಟ್ಟ ಹಕ್ಕಿದು, ಎ.ಪಿ.ಎಲ್., ಬಿ.ಪಿ.ಎಲ್. ಭೇದವಿಲ್ಲ. ದುಡ್ಡು ಹೊಂದಿಸಿಕೊಂಡು ನಾಳೆ ಹೋಗೋಣ ಎನ್ನುವ ಮನೆಯಲ್ಲಿ ಈ ಒಂದು ಮಾತು ರಾತ್ರಿಯನ್ನು ಉಳಿಸುತ್ತದೆ.

42ನೇ ದಿನ, ಮತ್ತು ಮರಳುವಾಗ

42ನೇ ದಿನವೆಂದರೆ ಆರು ವಾರ. ಕೊನೆಯ ಭೇಟಿ ಮತ್ತು ಐದು ರೋಗ ತಡೆಯುವ ಪೆಂಟಾವೇಲೆಂಟ್ ಲಸಿಕೆಯ ಮೊದಲ ಡೋಸ್ ಒಟ್ಟಿಗೇ ಬರುತ್ತವೆ. ಕ್ಷಯ ತಡೆಯಲು ಹುಟ್ಟಿದಾಗ ಕೊಡುವ ಬಿಸಿಜಿ ಲಸಿಕೆ ಹಾಕಿದ ತೋಳಿನಲ್ಲಿ ಆಗ ಕೀವಿನ ಗುಳ್ಳೆ ಕಂಡರೆ ಲಸಿಕೆ ಹತ್ತಿದೆ ಎಂದೇ ಅರ್ಥ, ಏನೂ ಹಚ್ಚಬೇಡಿ. ಜನನ ನೋಂದಣಿ 21 ದಿನದೊಳಗೆ ಆಗಿದೆಯೇ ನೋಡಿ. ಮುಂದಿನ ಮಗುವಿನ ಅಂತರದ ಬಗ್ಗೆ, ಅಂದರೆ ಕಾಪರ್-ಟಿ, ಅಂತರಾ ಚುಚ್ಚುಮದ್ದು, ಛಾಯಾ ಮಾತ್ರೆಯ ಬಗ್ಗೆ, ಅತ್ತೆ ಕೋಣೆಯಲ್ಲಿಲ್ಲದಾಗ ಮಾತಾಡಿ.

ಇಲ್ಲಿಗೆ ಆರು ಭೇಟಿ ಮುಗಿದರೂ ಮನೆ ಭೇಟಿ ಮುಗಿಯುವುದಿಲ್ಲ. 3, 6, 9, 12 ಮತ್ತು 15ನೇ ತಿಂಗಳಿನವು ಬಾಕಿ ಇವೆ. ಬಾಣಂತಿ ಗಂಡನ ಊರಿಗೆ ಹೊರಡುವುದು ಸಾಮಾನ್ಯವಾಗಿ ಮೊದಲ ಒಂದೆರಡರ ಆಸುಪಾಸಿನಲ್ಲೇ. ತೊಟ್ಟಿಲು, ಕೌದಿ, ಬುತ್ತಿ ಎಲ್ಲ ಗಾಡಿಗೆ ಏರಿಸುವ ಗದ್ದಲದಲ್ಲಿ ತಾಯಿ ಕಾರ್ಡ್ ತವರಿನ ಬೀರುವಿನಲ್ಲೇ ಉಳಿದುಹೋಗುತ್ತದೆ. ಹಿಂದಿನ ದಿನವೇ ಹೋಗಿ, ಕಾರ್ಡ್‌ನ ಎಲ್ಲ ಪುಟದ ಫೋಟೋ ತೆಗೆದು ಗಂಡನ ಊರಿನ ಆಶಾಗೆ ಕಳಿಸಿ, ಕಾರ್ಡನ್ನು ಮಗುವಿನ ಬಟ್ಟೆಯ ಚೀಲದಲ್ಲಿ ನೀವೇ ಇಟ್ಟು ಬನ್ನಿ.